ಕೊಸರಿಗೆ ಬಂದ ಲೂರು

ಸಾಮಾನು ಆರಿಸುವುದರಲ್ಲಿ ನನಗೆ ಬುದ್ಧಿ ಹೇಳುವವನು ಸೊಲ್ಲಾಪುರದಲ್ಲಿ ಇನ್ನೂ ಹುಟ್ಟಿಲ್ಲ. ಇದು ಜಂಬವಲ್ಲ, ಅನುಭವ. ತಲೆಯ ಮೇಲೆ ಟಾವೆಲ್ ಗಂಟು ಹೊತ್ತು ಓಣಿ ಓಣಿ ತಿರುಗಿದವನು ಇವತ್ತು ನವಿ ಪೇಠದಲ್ಲಿ ಚಾದರಿನ ಅಂಗಡಿ ಇಟ್ಟಿದ್ದೇನೆ ಅಂದರೆ ಅದು ಸುಮ್ಮನೆ ಆದದ್ದಲ್ಲ. ಬದನೆಕಾಯಿಯಿಂದ ಹಿಡಿದು ಅಳಿಯನ ತನಕ ಯಾವುದನ್ನು ಹೇಗೆ ನೋಡಬೇಕು, ಎಲ್ಲಿ ಒತ್ತಬೇಕು, ಯಾವಾಗ "ಬ್ಯಾಡ ಬಿಡು" ಅಂತ ಎದ್ದು ಹೊರಡಬೇಕು ಎಂಬುದನ್ನು ಯಾರು ಕೇಳಿದರೂ ಹೇಳುತ್ತೇನೆ. ಕೇಳದಿದ್ದರೂ ಹೇಳುತ್ತೇನೆ.

ಆದ್ದರಿಂದ ಮೀನು ಹಿಡಿಯುವ ಲೂರು ಆರಿಸುವ ಪ್ರಸಂಗ ಬಂದಾಗ ನಾನು ಕಿಂಚಿತ್ತೂ ಹೆದರಲಿಲ್ಲ. ಹೆದರಬೇಕಾಗಿತ್ತು!

ನಮ್ಮ ಮನೆಯಲ್ಲಿ ಮೀನು ಅಂದರೆ ರಂಗೋಲಿಯಲ್ಲಿ ಬರುವುದು ಮಾತ್ರ. ಅಂಥ ಮನೆಯ ಯಜಮಾನ ಗಾಳ ಹಿಡಿದ ಎಂದರೆ ಅದಕ್ಕೊಂದು ಘನವಾದ ಕಾರಣ ಬೇಕಲ್ಲ? ಕಾರಣ ನನ್ನ ಮಗಳು ಪಲ್ಲವಿ. ಅವಳು ಅಕ್ಕಲಕೋಟದಲ್ಲಿ ದನದ ಡಾಕ್ಟರ್ ಆಗಿರುವ ಮಲ್ಲಿನಾಥನನ್ನು ಮೆಚ್ಚಿಕೊಂಡಿದ್ದಳು. ಹುಡುಗ ಬಂಗಾರ. ನಾನು ಎಲ್ಲ ಕಡೆ ಒತ್ತಿ ನೋಡಿದ್ದೆ. ಆದರೆ ಹುಡುಗನ ಅಪ್ಪ ಗುರುಪಾದಪ್ಪನವರು ಇನ್ನೂ 'ಹೂಂ' ಅಂದಿರಲಿಲ್ಲ. ಅವರು ಕರಜಗಿಯ ಜಮೀನುದಾರರು. ಹೊಲದ ಬದಿಗೇ ತಲಾವ. ದಿನಾ ಸಂಜೆ ಆ ಕೆರೆಯ ದಂಡೆಯಲ್ಲಿ ಕೂತು ಮೀನು ಹಿಡಿಯುತ್ತಾರೆ, ಕಣ್ಣ ತುಂಬ ನೋಡುತ್ತಾರೆ, ವಾಪಸ್ ಬಿಡುತ್ತಾರೆ. ತಿನ್ನುವ ಮಾತೇ ಇಲ್ಲ, ಅವರೂ ನಮ್ಮ ಹಾಗೆ ಕಾಯಿಪಲ್ಲೆ ಮಂದಿ. ಮಾತು ಬಹಳ ಕಡಿಮೆ.

ಒಮ್ಮೆ ನಮ್ಮ ಮನೆಗೆ ಬಂದಾಗ ನಾನು ಮಾತಾಡಿದೆ, ಅವರು ಕೇಳಿದರು. ಚಹಾ ತಣ್ಣಗಾಯಿತು, ನಾನು ಆಗಲಿಲ್ಲ. ಹೋಗುವಾಗ ಚಪ್ಪಲಿ ಮೆಟ್ಟಿಕೊಳ್ಳುತ್ತ ಅಂದರು:

"ಒಂದ ದಿನ ನಮ್ಮ ಕಡೆ ಬರ್ರಿ. ತಲಾವದ ದಂಡಿ ಮ್ಯಾಲ ಕೂಡೂಣು. ಮನಷ್ಯಾ ನೀರಿನ ಮುಂದ ಹ್ಯಾಂಗ ಕೂಡತಾನ ಅನ್ನೂದರ ಮ್ಯಾಲ ನನಗ ಎಲ್ಲಾ ತಿಳೀತದ."

ಜಾಣನಾದವನು "ಆಗಲಿ" ಎಂದು ಸುಮ್ಮನಾಗುತ್ತಿದ್ದ. ನಾನು ಅಂದೆ, "ಅಯ್ಯ, ಗಾಳ ನಂಗೂ ಗೊತ್ತದರಿ! ಸಣ್ಣಂದಿನಿಂದ!"

ನನ್ನ ಹೆಂಡತಿ ಸುವರ್ಣಾ ಅಡುಗೆಮನೆಯ ಬಾಗಿಲಲ್ಲಿ ನಿಂತು ಹಣೆ ಮುಟ್ಟಿಕೊಂಡಳು. ಪಲ್ಲವಿ ಆಮೇಲೆ ನನ್ನ ಕೈ ಹಿಡಿದಳು.

"ಪಪ್ಪಾ, ನೀವು ಹೋಗಿ ಕೂಡ್ರಿ, ಅಷ್ಟ. ಮಾತಾಡಬ್ಯಾಡ್ರಿ. ಅವರು ಹೂಂ ಅಂದರನ ನಮ್ಮದು ಆಗೂದು. ಇಲ್ಲಂದರ ಮಲ್ಲಿನಾಥ ಅಪ್ಪನ ಮಾತ ಮೀರಂಗಿಲ್ಲ."

"ಚಿಂತಾ ಮಾಡಬ್ಯಾಡ," ಅಂದೆ. "ನಾ ಇದೀನಿ."

"ಅದ ಚಿಂತಿ," ಅಂದಳು ಸುವರ್ಣಾ.

ಫೋನಿನಲ್ಲಿ ಅಭ್ಯಾಸ ಶುರು ಮಾಡಿದೆ. ವಿಡಿಯೋದವರೆಲ್ಲ ಬಾಸ್ ಎಂಬ ಮೀನಿನ ಬಗ್ಗೆಯೇ ಹೇಳುತ್ತಾರೆ. ನಮ್ಮ ಸೀಮೆಯ ಕೆರೆಗಳಲ್ಲಿ ಬಾಸ್ ಇಲ್ಲ, ಆದರೆ ಅದೇ ಗುಣದ್ದೊಂದು ಇದೆ. ಮರಾಠಿಯವರು ಮರಳ ಅನ್ನುತ್ತಾರೆ. ಬೇರಿನ ಸಂದಿಯಲ್ಲಿ ಕದಲದೆ ಕೂತು, ಮುಂದೆ ಸುಳಿದದ್ದನ್ನು ಗಬಕ್ಕನೆ ನುಂಗುವ ಜಾತಿ. ಅದಕ್ಕೆ ಎರೆಹುಳ ಬೇಡ, ಲೂರು ಸಾಕು. ಲೂರು ಅಂದರೆ ಮೀನಿನ ಹಾಗೆ, ಕಪ್ಪೆಯ ಹಾಗೆ ಮಾಡಿದ ಸುಳ್ಳು ತಿನಿಸು, ಹೊಟ್ಟೆಯಲ್ಲಿ ಗಾಳದ ಮುಳ್ಳು. ಅಂಗಡಿಯಲ್ಲಿ ನೂರಾರು ತರದವು ಸಿಗುತ್ತವೆ. ಇಲ್ಲೇ ನನ್ನ ಅನುಭವ ಕೆಲಸಕ್ಕೆ ಬಂತು. ನನ್ನ ಅಂಗಡಿಯಲ್ಲೂ ಚಾದರು ನಾಲ್ವತ್ತು ಬಣ್ಣದಲ್ಲಿ ತೂಗಿಬಿಟ್ಟಿರುತ್ತೇನೆ. ಗಿರಾಕಿ ನಾಲ್ವತ್ತೂ ನೋಡುತ್ತಾನೆ, ಒಯ್ಯುವುದು ಮೆರೂನ್! ಹಾಗೆಯೇ ಇದು. ನೀರಿನ ಮೇಲೆ ಓಡಾಡಲು ಒಂದು ರಬ್ಬರ್ ಕಪ್ಪೆ. ನಡುನೀರಿಗೆ ತುಟಿ ಚಾಚಿದ ಒಂದು ಮೀನು. ತಳಕ್ಕೆ ಮೆತ್ತನೆಯ ಹುಳ. ದೂರ ಒಗೆಯಲು ಚಮಚೆಯಂಥ ತಗಡು. ರಾಡಿ ನೀರಿಗೆ ಗಿರಗಿರ ತಿರುಗುವ ಗಿರಗಟ್ಟೆ. ಐದೇ ಐದು. ಯಾವ ಕೆರೆಗೂ, ಯಾವ ಹವೆಗೂ ಸಾಕು. ಇದಕ್ಕಿಂತ ಹೆಚ್ಚು ಕೊಳ್ಳಬೇಡಿರಿ, ಇದು ನನ್ನ ಸಲಹೆ. ಇಷ್ಟಕ್ಕೇ ನಾನು ನಿಲ್ಲಿಸಿದ್ದರೆ ಈ ಬರಹವೇ ಇರುತ್ತಿರಲಿಲ್ಲ.

ನವಿ ಪೇಠದ ಹಿಂದಿನ ಬೋಳದಲ್ಲಿ ಗಾಳದ ಸಾಮಾನು ಮಾರುವ ಒಬ್ಬ ಮುದುಕನ ಅಂಗಡಿ ಇದೆ. ಬೋಳ ಅಂದರೆ ನಮ್ಮಲ್ಲಿ ಇಕ್ಕಟ್ಟಾದ ಸಂದಿ. ಶಟರ್ ಯಾವಾಗಲೂ ಅರ್ಧ. ನಾನು ಮುಂಜಾನೆ ಅವನು ಬಾಗಿಲು ತೆರೆಯುವುದಕ್ಕೇ ಕಾದು ನಿಂತೆ. ಯಾಕೆಂದರೆ ಬೋಣಿಗೆಯ ಗಿರಾಕಿಯನ್ನು, ಅಂದರೆ ದಿನದ ಮೊದಲ ಗಿರಾಕಿಯನ್ನು, ಯಾವ ವ್ಯಾಪಾರಿಯೂ ಬರಿಗೈಯಲ್ಲಿ ಕಳಿಸಲಾರ. ಕಳಿಸಿದರೆ ಇಡೀ ದಿನ ಮಣ್ಣು. ಈ ಭಯವನ್ನು ನಾನೂ ಅನುಭವಿಸಿದವನು, ಆದ್ದರಿಂದ ಇನ್ನೊಬ್ಬರಿಗೆ ಕೊಡುವುದೂ ಗೊತ್ತು.

ಬಗ್ಗಿ ಒಳಗೆ ಹೋದೆ. ದೀಪವಿಲ್ಲ. ಗೋಡೆಯ ತುಂಬ ಮೊಳೆ, ಮೊಳೆಗೊಂದು ಲೂರು. ಫ್ಯಾನ್ ಇಲ್ಲ, ಗಾಳಿ ಇಲ್ಲ. ಆದರೂ ಅವೆಲ್ಲ ನಿಧಾನವಾಗಿ ತಿರುಗುತ್ತಿದ್ದವು. ತಿರುಗಿ, ನನ್ನ ಕಡೆ ಮುಖ ಬಂದಾಗ ನಿಂತವು.

ನಾನು ವ್ಯವಹಾರಸ್ಥ. ಕಣ್ಣುಗಳನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಐದನ್ನೂ ಆರಿಸಿ, ಜಗ್ಗಾಡಿ, ಎರಡು ಸಲ ಎದ್ದು ಹೊರಟು, ಎರಡು ಸಲ ವಾಪಸ್ ಬಂದು ಬೆಲೆ ಮುಗಿಸಿದೆ. ಆಮೇಲೆ ಕೊಸರು ಕೇಳಿದೆ. ಕೊಂಡ ಮೇಲೆ ಕೊಸರು ಬೇಡವೆ? ಕೊತ್ತಂಬರಿಗೆ ನಾಲ್ಕು ಮೆಣಸಿನಕಾಯಿ, ಹೂವಿಗೆ ಒಂದು ಗೇಣು, ಅದು ಗಿರಾಕಿಯ ಹಕ್ಕು. ಮೂಲೆಯಲ್ಲಿ, ಎಲ್ಲದರಿಂದ ದೂರ, ಒಂದು ಹಳೆಯ ಕಟ್ಟಿಗೆಯ ಲೂರು ತೂಗುತ್ತಿತ್ತು. ಕಪ್ಪೆಯೂ ಅಲ್ಲ, ಮೀನೂ ಅಲ್ಲ. ಒಂದೇ ಕಣ್ಣು.

"ಅದ ಹಾಕು," ಅಂದೆ.

"ಅದು ಮಾರೂದಲ್ಲ, ಸಾವಕಾರ."

"ಮಾರಬ್ಯಾಡ. ಕೊಸರಿನ್ಯಾಗ ಕೊಡು."

ಮುದುಕ ತಲೆ ಅಲ್ಲಾಡಿಸಿದ. "ಅದು ಮೀನ ತರಂಗಿಲ್ಲ."

"ಮತ್ತೇನ ತರತದ?"

"ಒಳಗ ಏನದ, ಅದನ್ನ ತರತದ."

"ಬೋಣಿಗಿ ಗಿರಾಕಿಗಿ ಇಲ್ಲ ಅಂತೀಯೇನು?"

ಅವನು ಇಲ್ಲ ಅನ್ನಲಿಲ್ಲ. ಅನ್ನಲಾರ! ಆದರೆ ಆ ಲೂರನ್ನು ಕೈಯಿಂದ ಮುಟ್ಟಲಿಲ್ಲ. ಬಟ್ಟೆ ಅಳೆಯುವ ಗಜದಂಥ ಒಂದು ಕೋಲಿನಿಂದ ಮೊಳೆಯಿಂದ ಇಳಿಸಿ, ಅದೇ ಕೋಲಿನಿಂದ ನನ್ನ ಕಡೆ ನೂಕಿದ. ನಾನು ಹೊರಗೆ ಬರುವ ಮೊದಲೇ ಹಿಂದೆ ಶಟರ್ ಪೂರ್ತಿ ಬಿತ್ತು. ಮುಂಜಾನೆ ಅಂಗಡಿ ತೆರೆದವನು ಒಂದೇ ಗಿರಾಕಿಗೆ ಬಾಗಿಲು ಹಾಕಿದ. ಇದನ್ನು ನಾನು ನನ್ನ ಚೌಕಾಸಿಯ ಗೆಲುವು ಎಂದು ತಿಳಿದೆ.

ಮನೆಯಲ್ಲಿ ಆರನ್ನೂ ಒಂದು ಡಬ್ಬಿಗೆ ಹಾಕಿದೆ. ಕೊಸರಿನದನ್ನು ಎಲ್ಲಕ್ಕಿಂತ ಕೆಳಗೆ. ಮುಚ್ಚಳ ತೆಗೆದರೆ ಅದು ಮೇಲೆ. ಮತ್ತೆ ಕೆಳಗೆ ಹಾಕಿದೆ. ಮತ್ತೆ ತೆಗೆದರೆ ಮತ್ತೆ ಮೇಲೆ, ಕಣ್ಣು ನನ್ನ ಕಡೆ.

"ಕಟ್ಟಿಗಿ ಹಗರ ಇರತದ. ಅಲಗಾಡಿದರ ಮ್ಯಾಲ ಬರತದ," ಅಂದೆ ಸುವರ್ಣಾಗೆ.

"ಡಬ್ಬಿ ಯಾರ ಅಲಗಾಡಿಸ್ಯಾರ?"

ಇಂಥ ಪ್ರಶ್ನೆಗಳಿಗೆ ಉತ್ತರ ಕೊಡುತ್ತ ಕೂತರೆ ಸಂಸಾರ ನಡೆಯುವುದಿಲ್ಲ.

ಹೋಗುವ ದಿನ ಸುವರ್ಣಾನೂ ಹೊರಟಳು. "ಬೀಗತಿ ಮನಿ ನೋಡಬೇಕು," ಅಂದಳು. ನನ್ನನ್ನು ಒಬ್ಬನೇ ಬಿಡಬಾರದು ಎಂಬುದು ಒಳಗಿನ ಮಾತು. ಅಕ್ಕಲಕೋಟದಿಂದ ಕರಜಗಿಯ ಎಸ್‌ಟಿ ಬಸ್ಸು ಹಿಡಿದೆವು. ಪಕ್ಕದಲ್ಲಿ ಕೂತ ಹೆಣ್ಣುಮಗಳಿಗೆ ಲೂರಿನ ಶಾಸ್ತ್ರ ವಿವರಿಸುವ ಸದುದ್ದೇಶದಿಂದ ಡಬ್ಬಿ ತೆರೆದು ನೇರಳೆ ಬಣ್ಣದ ರಬ್ಬರ್ ಹುಳ ಎತ್ತಿ ತೋರಿಸಿದೆ.

"ಅಯ್ಯಯ್ಯವ್ವಾ, ಹಾವಿನ ಮರಿ!"

ಬಸ್ಸು ಗಕ್ಕನೆ ನಿಂತಿತು. ಕಂಡಕ್ಟರ್ ಓಡಿ ಬಂದ. "ಕಾಯ ಆಹೇ ತೇ? ಫೇಕಾ ಬಾಹೇರ!" ಅಂತ ಕಿತ್ತುಕೊಂಡು ತಾನೇ ಕಿಟಕಿಯಿಂದ ಹೊರಗೆ ಒಗೆದ. ತಳದ ನೀರಿನ ನನ್ನ ಸಿದ್ಧತೆ ಜೋಳದ ಹೊಲದ ಪಾಲಾಯಿತು. ಹೋಗಲಿ. ನಾಲ್ಕಿವೆ, ಮೇಲೆ ಕೊಸರು!

ಗುರುಪಾದಪ್ಪನವರು ಮನೆಯಿಂದ ತಲಾವದ ತನಕ ನಮ್ಮ ಜೊತೆ ನಡೆದು ಬಂದರು. ತಲೆಯ ಮೇಲೆ ಇಸ್ತ್ರಿ ಮಾಡಿದ ಬಿಳಿ ಟೊಪ್ಪಿಗೆ. ಮಗಳ ಮಾತು ನೆನಪಿತ್ತು. ಆದರೆ ಅವರು ಮಾತಾಡಲಿಲ್ಲ, ಯಾರಾದರೂ ಮಾತಾಡಬೇಕಲ್ಲ? ದಾರಿಯುದ್ದಕ್ಕೂ ಉಪದೇಶ ಮಾಡಿದೆ.

"ನೋಡ್ರಿ ಬೀಗರ, ಕೆಲವರು ದೊಡ್ಡ ದೊಡ್ಡ ಪೆಟಗಿ ತುಂಬ ಲೂರು ಇಟ್ಟಿರತಾರ. ಪೆಟಗಿ ದೊಡ್ಡದಿದ್ದಷ್ಟು ತಲಿ ಸಣ್ಣದು ಅಂತ ತಿಳೀರಿ! ಐದು ಬಾಳಾತು. ಆರನೇದು ಕೊಂಡವ ಹುಚ್ಚ!"

ಅವರು "ಹಾಂ" ಅಂದರು. ದಂಡೆಯ ಬೇವಿನ ಗಿಡದ ಹಿಂದೆ ಹೋಗಿ ಒಂದು ಪೆಟ್ಟಿಗೆ ಎತ್ತಿಕೊಂಡು ಬಂದರು. ತೆರೆದರು. ಮೂರು ಅಂತಸ್ತು! ಒಂದೊಂದು ಅಂತಸ್ತಿನಲ್ಲೂ ಸಾಲು ಸಾಲು ಲೂರು, ಒಂದರ ಮೈಗೆ ಒಂದು ತಗಲದ ಹಾಗೆ.

ಸುವರ್ಣಾ ಆಕಾಶ ನೋಡಿದಳು. ಪೆಟ್ಟಿಗೆಯ ಪಕ್ಕದ ಕಲ್ಲಿನ ಮೇಲೆ ಕೂತು ಸೆರಗು ಸರಿಮಾಡಿಕೊಂಡಳು. ಆಮೇಲೆ ಬಹಳ ಹೊತ್ತು ಅಲ್ಲಿಂದ ಅಲುಗಲಿಲ್ಲ.

ಹೊತ್ತು ಮುಳುಗುತ್ತಿತ್ತು. ಆ ತಲಾವ ನೋಡಿದರೆ ನಿಮಗೆ ಗೊತ್ತಾಗುತ್ತಿತ್ತು. ನೀರಿನ ನಡುವೆ ಒಣಗಿದ ಜಾಲಿ ಗಿಡಗಳು ಮೊಣಕಾಲುದ್ದ ನೀರಲ್ಲಿ ನಿಂತ ಮಂದಿಯ ಹಾಗೆ ನಿಂತಿದ್ದವು. ಕೊಂಬೆಯ ಮೇಲೆ ಬೆಳ್ಳಕ್ಕಿ, ಒಂದೂ ಕೂಗುತ್ತಿರಲಿಲ್ಲ. ಅದರಾಚೆ ಹಳೆಯ ಗೋಡೆಯ ತುದಿಯೊಂದು ಕಾಣುತ್ತಿತ್ತು. ತಲಾವ ಕಟ್ಟುವ ಮೊದಲು ಅಲ್ಲಿ ನಾಲ್ಕು ಮನೆ ಇದ್ದವಂತೆ. ಗೋಡೆಯಲ್ಲಿ ಒಂದು ಬಾಗಿಲ ಕಂಡಿ. ನೀರು ಆ ಬಾಗಿಲಿನಿಂದ ಒಳಗೆ ಹೋಗುತ್ತಿತ್ತು, ಹೊರಗೆ ಬರುತ್ತಿತ್ತು. ಯಾರೋ ಉಸಿರಾಡಿದ ಹಾಗೆ.

"ಏನ ಶಾಂತ ಜಾಗಾರಿ!" ಅಂತ ಕೂಗಿದೆ.

"ಇಲ್ಲಿ ಗಟ್ಟಿ ಮಾತಾಡಬ್ಯಾಡ್ರಿ," ಅಂದರು ಗುರುಪಾದಪ್ಪನವರು.

"ಮೀನ ಹೆದರತಾವೇನ್ರಿ?"

"ಮೀನ ಅಲ್ಲ."

ಅಷ್ಟೇ. ನನಗೂ ಕೇಳಬೇಕು ಅನ್ನಿಸಲಿಲ್ಲ.

ಬೀಗರು ಕೊಟ್ಟ ಗಾಳದ ಕೋಲಿನ ದಾರಕ್ಕೆ ಗಂಭೀರವಾಗಿ ಚಮಚೆ ಲೂರು ಕಟ್ಟಿದೆ. ಗಂಟು ಹಾಕುವುದರಲ್ಲಿ ನನ್ನದು ಪಳಗಿದ ಕೈ. ಚಾದರಿನ ಗಂಟು ಕಟ್ಟುತ್ತ ಕಟ್ಟುತ್ತ ಬೆರಳಿಗೇ ಬುದ್ಧಿ ಬಂದಿದೆ. ಬೀಸಿ ಒಗೆದೆ. ಲೂರು ಹಾರಿತು, ಹಾರುತ್ತಲೇ ಹೋಯಿತು, ದಾರ ಮಾತ್ರ ನನ್ನ ಮುಂದೆಯೇ ಬಿತ್ತು! ಆಮೇಲೆ ಹೊಳೆಯಿತು. ಅಂಗಡಿಯ ಗಂಟು ಅಂದರೆ ಗಿರಾಕಿ ಒಂದು ತುದಿ ಎಳೆದ ಕೂಡಲೆ ಸುರಳೀತ ಬಿಚ್ಚಬೇಕು, ಅದೇ ಅದರ ಗುಣ. ಆದರೆ ಕೈ ಬೇರೆ ಗಂಟು ಕೇಳುವುದಿಲ್ಲ. ತುಟಿ ಚಾಚಿದ ಮೀನನ್ನೂ ಹಾಗೇ ಕಟ್ಟಿದೆ. ಅದೂ ಚಮಚೆಯ ಹಿಂದೆ ಹೋಯಿತು. ಕಪ್ಪೆಗೆ ಎರಡು ಗಂಟು ಹಾಕಿದೆ. ಗಂಟು ನಿಂತಿತು. ಕಪ್ಪೆ ಜಾಲಿಯ ತುದಿಗೆ ಏರಿ ಕೂತಿತು, ದಾರ ಹರಿಯಿತು. ಬೆಳ್ಳಕ್ಕಿಗಳು ಕಪ್ಪೆಯನ್ನು ಒಮ್ಮೆ ನೋಡಿ, ನನ್ನನ್ನು ಬಹಳ ಹೊತ್ತು ನೋಡಿದವು.

"ಸ್ವಲ್ಪ ಕೂಡ್ರಿ," ಅಂದರು ಗುರುಪಾದಪ್ಪನವರು.

"ಕೂತರ ಧಂದಾ ಆಗಂಗಿಲ್ರಿ!" ಅಂದೆ, ಗಿರಗಟ್ಟೆಯನ್ನು ಹಿಂದಕ್ಕೆ ಬೀಸಿ ಮುಂದಕ್ಕೆ ಒಗೆದೆ. ಅದರ ಜೊತೆ ಏನೋ ಬೆಳ್ಳಗಿನದು ಹಾರಿತು. ಬೀಗರ ಟೊಪ್ಪಿಗೆ!

ಟೊಪ್ಪಿಗೆ ನೀರಿನ ಮೇಲೆ ದೋಣಿಯ ಹಾಗೆ ಕೂತಿತು. ಗಾಳಿ ನಮ್ಮ ಕಡೆಗೆ ಬೀಸುತ್ತಿತ್ತು. ಟೊಪ್ಪಿಗೆ ಆ ಕಡೆಗೆ ಹೋಯಿತು. ಹಳೆಯ ಗೋಡೆಯ ಬಾಗಿಲ ತನಕ ಹೋಗಿ, ಒಳಗಿನಿಂದ ಯಾರೋ ಕೈ ಚಾಚಿ ತೆಗೆದುಕೊಂಡ ಹಾಗೆ ಮುಳುಗಿತು. ದಾರ ಎಳೆದೆ. ತುದಿಯಲ್ಲಿ ಏನೂ ಇಲ್ಲ.

ಗುರುಪಾದಪ್ಪನವರು ಬೋಳು ತಲೆ ಸವರಿಕೊಂಡರು. ಮಗಳ ಮುಖ ಕಣ್ಣ ಮುಂದೆ ಬಂತು. 'ಹೂಂ' ಅನ್ನುವುದು ಅವರ ಬಾಯಿಂದ ಇನ್ನು ಬರುವುದಿಲ್ಲ ಅನ್ನಿಸಿತು. ಒಂದೇ ಒಂದು ಮೀನು ಹಿಡಿದು ತೋರಿಸಿದರೆ ಉಳಿದದ್ದೆಲ್ಲ ಮುಚ್ಚಿ ಹೋದೀತು. ಡಬ್ಬಿ ತೆರೆದೆ. ಕೊಸರು ಒಂದೇ ಇತ್ತು. ಕಣ್ಣು ನನ್ನ ಕಡೆ.

ಈ ಸಲ ಗಂಟಿನ ಮೇಲೆ ಗಂಟು ಹಾಕಿದೆ. ಕೋಲಿನ ಮೇಲೂ ನಂಬಿಕೆ ಬೇಡ ಎಂದು ದಾರವನ್ನು ನನ್ನ ಮುಂಗೈಗೆ ಸುತ್ತು ಸುತ್ತಿ ಬಿಗಿದೆ. ಸುವರ್ಣಾ ಕೂತಲ್ಲಿಂದಲೇ ಅಂದಳು, "ಅದನ್ನ ಬಿಡಬ್ಯಾಡ್ರಿ. ನನ್ನ ಮನಸಿಗಿ ಸೇರವಲ್ದು."

"ಫುಕಟ್ ಬಂದದ್ದು, ಹೋದರ ಹೋಗಲಿ!" ಅಂತ ಒಗೆದೆ.

ಅದು ಸಪ್ಪಳ ಮಾಡದೆ ಬಿತ್ತು. ತೇಲಿತು. ನಾನು ಎಳೆಯುವ ಮೊದಲೇ, ಗಾಳಿಗೆ ಎದುರಾಗಿ, ತಾನೇ ಬಾಗಿಲ ಕಡೆ ಹೊರಟಿತು. ಒಳಗೆ ಹೋಯಿತು. ಬಹಳ ಹೊತ್ತು ಏನೂ ಇಲ್ಲ. ಆಮೇಲೆ ಮುಂಗೈಯ ಮೇಲೆ ದಾರ ನಿಧಾನವಾಗಿ ಬಿಗಿಯಿತು.

"ಸಿಕ್ಕಿತು!" ಅಂತ ಪಿಸುಗುಟ್ಟಿದೆ.

ಮೀನಾದರೆ ಜಗ್ಗುತ್ತದೆ, ಒದೆಯುತ್ತದೆ. ಇದು ಜಗ್ಗುತ್ತಿರಲಿಲ್ಲ. ಬರುತ್ತಿತ್ತು.

ಜಾಲಿ ಗಿಡಗಳ ನಡುವೆ ನೀರು ಉಬ್ಬಿತು. ಬೆಳ್ಳಕ್ಕಿಗಳು ಒಟ್ಟಿಗೆ ಎದ್ದು ಹೋದವು. ಮೊದಲು ಒಂದು ತಲೆ, ಬೆಳ್ಳಗೆ, ಮುಖವಿಲ್ಲದ್ದು. ಆಮೇಲೆ ಹೆಗಲು. ಆಮೇಲೆ ಎರಡೂ ಕಡೆ ಅಗಲವಾಗಿ ಚಾಚಿದ ಏನೋ. ನೀರು ಸುರಿಸುತ್ತ ಅದು ನೆಟ್ಟಗೆ ನನ್ನ ಕಡೆ ಬಂತು.

ನಾನು ಧೈರ್ಯವಂತ. ಆದರೂ ಓಡಿದೆ!

ಓಡುತ್ತ ಹಿಂದೆ ನೋಡಿದೆ. ಅದೂ ನೀರಿನಿಂದ ದಂಡೆಗೆ ಹತ್ತಿತು. ಜೋರಾಗಿ ಓಡಿದೆ. ಅದೂ ಜೋರಾಗಿ ಬಂತು. ಬಲಕ್ಕೆ ಹೊರಳಿದೆ, ಅದೂ ಬಲಕ್ಕೆ. ಬೇವಿನ ಗಿಡ ಸುತ್ತಿದೆ, ಅದೂ ಸುತ್ತಿತು. ಹಿಂದಿನಿಂದ "ಪಚ್, ಪಚ್" ಅಂತ ಒದ್ದೆ ಹೆಜ್ಜೆಯ ಸಪ್ಪಳ.

"ನಿಂದರ್ರಿ!" ಸುವರ್ಣಾ ಕೂಗಿದಳು. "ನೀವು ನಿಂತರ ಅದೂ ನಿಂದರತದ!"

ಇಂಥ ಹೊತ್ತಿನಲ್ಲಿ ಹೆಂಡತಿಯ ಮಾತು ಕೇಳುವ ಗಂಡಸು ಎಲ್ಲಿದ್ದಾನೆ? ಓಡಿ ಓಡಿ ಎಮ್ಮೆ ಬೀಳುವ ಹೊಂಡಕ್ಕೆ ಬಿದ್ದೆ. ಸೊಂಟದ ತನಕ ರಾಡಿ. ಕೈ ಮಾತ್ರ ಮೇಲೆ, ಮುಂಗೈಗೆ ದಾರ. ದಾರದ ಆ ತುದಿಗೆ, ಹೊಂಡದ ಅಂಚಿನಲ್ಲಿ, ಅದು ಬೋರಲು ಬಿದ್ದಿತ್ತು.

ಗುರುಪಾದಪ್ಪನವರು ನಿಧಾನವಾಗಿ ನಡೆದು ಬಂದರು. ಬಗ್ಗಿ ಒಂದು ಮೂಲೆ ಎತ್ತಿದರು. ಚಾದರು! ಗಾಳಿ ತುಂಬಿಕೊಂಡು ಎದ್ದು ಬಂದಿದ್ದ ಒಂದು ಡಬಲ್ ಚಾದರು. ಮೂಲೆಯಲ್ಲಿ ಲೇಬಲ್. ಅವರು ಕಣ್ಣಿಗೆ ಹತ್ತಿರ ಹಿಡಿದು ಸಾವಕಾಶ ಓದಿದರು. ನನ್ನ ಅಂಗಡಿಯ ಹೆಸರು. ಕೆಳಗೆ, ನಾನೇ ಬರೆಸಿದ್ದು: 'ಬಣ್ಣ ಹೋಗುವುದಿಲ್ಲ, ಗ್ಯಾರಂಟಿ.'

ಚಾದರು ಹಾಲಿನ ಹಾಗೆ ಬೆಳ್ಳಗಿತ್ತು.

"ಇದು ಮೊದಲ ಯಾವ ಬಣ್ಣ ಇತ್ರಿ?" ಕೇಳಿದರು.

"ಮೆರೂನ್," ಅಂದೆ ರಾಡಿಯೊಳಗಿಂದ. ಇಷ್ಟಕ್ಕೇ ಸುಮ್ಮನಿರಬಹುದಿತ್ತು. "ಆದರ ಲೇಬಲಿನ ಬಣ್ಣ ಹೋಗಿಲ್ಲ ನೋಡ್ರಿ!"

ಅವರು ನಗಲಿಲ್ಲ. "ಇಲ್ಲಿ ಮಂದಿ ಸತ್ತವರ ಹಾಸಿಗಿ ಹೊದಿಕಿ ಈ ನೀರಿಗಿ ಬಿಡತಾರ. ಯಾರದೋ ಕಡೀ ಹೊದಿಕಿ ಇದು," ಅಂದು ಕೈ ಮುಗಿದರು.

ಮುದುಕ ಸುಳ್ಳು ಹೇಳಿರಲಿಲ್ಲ. ಒಳಗೆ ಏನಿತ್ತೋ ಅದೇ ಬಂದಿತ್ತು. ನಾನು ಮಾರಿದ ಮಾಲು ಎಲ್ಲಿಯ ತನಕ ಹೋಗುತ್ತದೆ ಎಂದು ಅದುವರೆಗೆ ವಿಚಾರ ಮಾಡಿರಲಿಲ್ಲ.

ಸುವರ್ಣಾ ಎದ್ದು ಬಂದಳು. ನನ್ನ ಕಡೆ ನೋಡಲೂ ಇಲ್ಲ. ಚಾದರಿನ ಎರಡು ಮೂಲೆ ಅವಳು ಹಿಡಿದಳು, ಎರಡು ಮೂಲೆ ಗುರುಪಾದಪ್ಪನವರು. ಹಿಂಡಿದರು, ಕೊಡವಿದರು, ಅಂಚಿಗೆ ಅಂಚು ಕೂಡಿಸುತ್ತ ಹತ್ತಿರ ಬಂದರು, ಮತ್ತೆ ದೂರ ಸರಿದರು. ಮನೆಯ ಹಿರಿಯರ ಹಾಸಿಗೆ ಮಡಿಸಿದ ಹಾಗೆ ಮಡಿಸಿದರು. ಮಡಿಸುವಾಗ ಏನೋ ಮೆಲ್ಲಗೆ ಮಾತಾಡಿಕೊಳ್ಳುತ್ತಿದ್ದರು. ಹೊಂಡಕ್ಕೆ ಕೇಳಿಸುತ್ತಿರಲಿಲ್ಲ. ಚಾದರಿನ ಮೇಲೆ ಒಂದು ಕಲ್ಲಿಟ್ಟು, ಇಬ್ಬರೂ ಕೂಡಿ ನೀರಿಗೆ ಇಳಿಸಿದರು.

"ಅದಕ್ಕ ಸಿಕ್ಕಿದ್ದ ಲೂರು ಎಲ್ಲಿ?" ಕೇಳಿದೆ.

"ಲೂರು ಇರಲಿಲ್ಲ," ಅಂದಳು ಸುವರ್ಣಾ. "ದಾರ ಚಾದರಿಗಿ ಗಂಟ ಹಾಕಿತ್ತು. ಬಿಚ್ಚೀನಿ. ಒಂದ ತುದಿ ಎಳದರ ಸುರಳೀತ ಬಿಚ್ಚಿತು."

ಆ ಗಂಟು ಹಾಕುವ ಕೈ ಆ ದಂಡೆಯಲ್ಲಿ ನನ್ನದೊಂದೇ. ನಾನು ಚಾದರನ್ನು ಮುಟ್ಟಿಯೂ ಇರಲಿಲ್ಲ. ಈ ವಿಷಯವನ್ನು ನಾನು ಹೆಚ್ಚು ಕೆದಕುವುದಿಲ್ಲ. ನೀವೂ ಕೆದಕಬೇಡಿರಿ.

ಅಂತೂ ನಾಲ್ಕೂ ಕೈಕಾಲು ಊರಿ ಮೇಲೆ ಬಂದೆ. ಅವರಿಬ್ಬರೂ ಕಲ್ಲಿನ ಮೇಲೆ ಕೂತು ಥರ್ಮಾಸಿನ ಚಹಾ ಕುಡಿಯುತ್ತಿದ್ದರು. ನೀರಿನ ಕಡೆ ನೋಡುತ್ತ ಇಬ್ಬರೂ ಆರಾಮಾಗಿ ಕೂತಿದ್ದರು.

"ಬೀಗರ," ಅಂದೆ, ಮೀಸೆಯ ರಾಡಿ ಒರೆಸಿಕೊಂಡು, "ನಮ್ಮ ಹುಡುಗಿ ವಿಷಯ ಒಂದಿಷ್ಟು ಮಾತಾಡಬೇಕಿತ್ತು..."

"ಆತಲ್ಲ," ಅಂದಳು ಸುವರ್ಣಾ.

"ಏನ ಆತು?"

"ಎಲ್ಲಾ. ಮದವಿ ಅಕ್ಕಲಕೋಟದಾಗ. ಖರ್ಚ ಅರ್ಧಾ ಅರ್ಧಾ. ಕೊಡೂದಿಲ್ಲ, ತಗೋಳೂದಿಲ್ಲ."

"ನನ್ನ ಕೇಳದನ?"

"ನೀವು ಹೊಂಡದಾಗ ಇದ್ರಿ. ಅದಕ್ಕ ಲಗೂ ಮುಗೀತು."

ಗುರುಪಾದಪ್ಪನವರು ಕಪ್ಪು ಕೆಳಗಿಟ್ಟು ಮೊದಲ ಬಾರಿಗೆ ನನ್ನನ್ನು ನೆಟ್ಟಗೆ ನೋಡಿದರು.

"ನೀರಿನ ಮುಂದ ಮನಷ್ಯಾ ಹ್ಯಾಂಗ ಕೂಡತಾನ ನೋಡಬೇಕು ಅಂದಿದ್ನೆಲ್ಲ, ನೋಡಿದೆ. ನಿಮ್ಮ ಮನಿಯವರು ಛಂದ ಕೂಡತಾರ. ಒಂದ ಮಾತ ಮಾತ್ರ ನಿಮ್ಮನ್ನ ಕೇಳೂದದ." ದನಿ ತಗ್ಗಿಸಿದರು. "ಹುಡುಗಿ ಗುಣದಾಗ ಯಾರನ್ನ ಹೋಲತಾಳ್ರಿ?"

ಹುಟ್ಟಿದಂದಿನಿಂದ ಯಾರು ಏನು ಹೇಳಿದರೂ ಅರ್ಧಕ್ಕೆ ಇಳಿಸಿ ಕೇಳಿದವನು ನಾನು. ಅವತ್ತು ಚೌಕಾಸಿ ಮಾಡಲಿಲ್ಲ.

"ಪೂರಾ ಅವರ ಅವ್ವನ್ನರಿ," ಅಂದೆ. "ನಂದು ಒಂದು ಗುಂಜಿ ತೂಕನೂ ಇಲ್ಲ!"